ಅಮ್ಮನ ಫೋನಿಗೆ ಬಂದ ರೋಗ

ಪ್ರತಿಯೊಂದು ಕುಟುಂಬದಲ್ಲೂ ಫೋನುಗಳ ಕಷ್ಟಸುಖ ವಿಚಾರಿಸಲು ಅಂತ ಒಬ್ಬ ಇರುತ್ತಾನೆ. ನಮ್ಮ ಕುಟುಂಬದಲ್ಲಿ ಅವನು ನಾನು. ಈ ಪದವಿಗೆ ನನ್ನನ್ನು ಯಾರೂ ಪರೀಕ್ಷೆ ಮಾಡಿ ನೇಮಿಸಿದ್ದಲ್ಲ. ಪಿಲ್ಲಗುಂಪೆಯ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ದಿನವಿಡೀ ಕಂಪ್ಯೂಟರಿನ ಮುಂದೆ ಕೂರುತ್ತೇನೆ, ಕನ್ನಡಕ ಹಾಕಿಕೊಳ್ಳುತ್ತೇನೆ, ಯಾರಾದರೂ ಫೋನು ಕೈಗಿಟ್ಟರೆ ಹುಬ್ಬು ಗಂಟಿಕ್ಕಿ "ಹೂಂ" ಎನ್ನುತ್ತೇನೆ. ನಮ್ಮ ನೆಂಟರಿಗೆ ಇಷ್ಟು ಅರ್ಹತೆ ಸಾಕಾಯಿತು. ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ ಪಕ್ಕದ ಎಲೆಯಿಂದ ಫೋನು ಚಾಚುತ್ತಾರೆ. ನಾನು ಎಡಗೈಯಲ್ಲಿ ಈಸಿಕೊಂಡು, ಅಲ್ಲಿ ಇಲ್ಲಿ ಒತ್ತಿ, ಆಫ್ ಮಾಡಿ ಆನ್ ಮಾಡಿ ವಾಪಸು ಕೊಡುತ್ತೇನೆ. ಅರ್ಧಕ್ಕರ್ಧ ತೊಂದರೆಗಳು ಅಷ್ಟಕ್ಕೇ ಸರಿಹೋಗುತ್ತವೆ. ಮಿಕ್ಕರ್ಧ ಸರಿಹೋಗದಿದ್ದಾಗ, "ಇದು ಹಳೇದಾಯ್ತು, ಹೊಸದು ತಗೊಳ್ಳಿ" ಎಂದುಬಿಟ್ಟರೆ ನನ್ನ ಮರ್ಯಾದೆಗೆ ಧಕ್ಕೆಯಿಲ್ಲ. ಹೀಗೆ ನಡೆದುಕೊಂಡು ಹೋಗುತ್ತಿದ್ದ ನನ್ನ ವೈದ್ಯವೃತ್ತಿಗೆ ಕಲ್ಲು ಬಿದ್ದದ್ದು ಅಮ್ಮನ ಫೋನಿನಿಂದ.

ಅಮ್ಮನಿಗೆ ಲೋಕದಲ್ಲಿ ಮುಖ್ಯವಾದವು ಎರಡು. ಒಂದು ರೇಷ್ಮೆ ಹುಳು, ಇನ್ನೊಂದು ಅವಳ ತಂಗಿ. ಮಗ ಅಂತ ನಾನೂ ಇದ್ದೇನೆ, ಆದರೆ ಪಟ್ಟಿಯಲ್ಲಿ ಸ್ವಲ್ಪ ಕೆಳಗೆ. ದೇವನಹಳ್ಳಿಯ ಪಕ್ಕದ ನಮ್ಮೂರಿನ ಮೇಲೆ ವಿಮಾನಗಳು ಎಷ್ಟು ತಗ್ಗಿನಲ್ಲಿ ಇಳಿಯುತ್ತವೆ ಎಂದರೆ, ಮಾತಿನ ಮಧ್ಯೆ ಬಾಯಿ ಮುಚ್ಚಿ, ಅದು ಹೋದ ಮೇಲೆ ಅದೇ ಮಾತನ್ನು ಮುಂದುವರಿಸುವುದು ನಮಗೆಲ್ಲ ಅಭ್ಯಾಸವಾಗಿಹೋಗಿದೆ. ಸುತ್ತಲಿನ ಹೊಲಗಳೆಲ್ಲ ಸೈಟೋ ಗೋಡೌನೋ ಆದರೂ ಅಮ್ಮ ಮನೆ ಹಿಂದಿನ ತುಂಡು ಜಮೀನಿನಲ್ಲಿ ಹಿಪ್ಪುನೇರಳೆ ಇಟ್ಟುಕೊಂಡು ಹುಳು ಮೇಯಿಸುವುದನ್ನು ಬಿಟ್ಟಿಲ್ಲ. ಹುಳು ಮನೆಯಲ್ಲಿದ್ದಾಗ ಅವಳು ಊರು ಬಿಟ್ಟು ಕದಲುವುದಿಲ್ಲ. ಹೊರಗಿನವರನ್ನು ಹುಳುವಿನ ಮನೆಯ ಹತ್ತಿರ ಬಿಡುವುದೂ ಇಲ್ಲ. ನಾನು ಒಳಗೆ ಹೋಗಬೇಕಾದರೂ ಚಪ್ಪಲಿ ಆಚೆ ಬಿಟ್ಟು, ಬ್ಲೀಚಿಂಗ್ ಪೌಡರಿನ ನೀರಲ್ಲಿ ಕಾಲದ್ದಿ, ಕೈ ತೊಳೆದುಕೊಳ್ಳಬೇಕು. ಅವಳು ಹೆತ್ತ ಮಗನೇ ಆದರೂ ಈ ವಿಷಯದಲ್ಲಿ ರಿಯಾಯಿತಿಯಿಲ್ಲ.

ತಂಗಿ ಎಂದರೆ ನಮ್ಮ ಲಕ್ಷ್ಮಿ ಚಿಕ್ಕಮ್ಮ. ತ್ಯಾಮಗೊಂಡ್ಲುವಿನಲ್ಲಿದ್ದಾಳೆ. ಈ ಸಲ ನಮ್ಮಲ್ಲಿ ಹುಳು ತಂದ ಹೊಸದರಲ್ಲೇ ಅವಳು ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಕಾಲಿಗೆ ಪ್ಲಾಸ್ಟರು ಹಾಕಿ ಮಲಗಿಸಿದರು. ಅಮ್ಮ ಹೋಗಿ ನೋಡುವಂತಿಲ್ಲ, ಹುಳು ಬಿಟ್ಟು ಹೋಗುವುದು ಹೇಗೆ? ಅವಳ ಪರವಾಗಿ ನಾನು ಒಂದಷ್ಟು ದಿನ ಬಿಟ್ಟು ಹೋಗಿ ನೋಡಿಕೊಂಡು ಬಂದೆ. ಅಮ್ಮ ತಾನು ಹೋಗುವ ಬದಲು ದಿನಾ ಮಧ್ಯಾಹ್ನದ ಸೊಪ್ಪು ಹಾಕಿ, ಜಗಲಿಯಲ್ಲಿ ಕಾಲು ಚಾಚಿ, ಫೋನು ಹಿಡಿದು ಕೂರುತ್ತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಏನು ಸಾರು, ಯಾರ ಮನೆಗೆ ಯಾರು ಬಂದಿದ್ದರು, ಬಂದವರು ಏನು ತಂದಿದ್ದರು ಎಂದು ಮಾತಾಡುತ್ತಿದ್ದರು. ಹಾಸಿಗೆ ಹಿಡಿದ ಚಿಕ್ಕಮ್ಮನಿಗೆ ಇಡೀ ದಿನದಲ್ಲಿ ಹೊತ್ತು ಹೋಗುತ್ತಿದ್ದದ್ದು ಆಗ ಮಾತ್ರ.

ಇಂಥ ಫೋನಿನಲ್ಲಿ ಒಂದು ದಿನ ಅಮ್ಮ ಸೋಬಾನೆ ಹಾಡು ಹುಡುಕುತ್ತಿದ್ದಾಗ ಪರದೆಯೆಲ್ಲ ಕೆಂಪಗಾಯಿತು. "ಎಚ್ಚರಿಕೆ! ನಿಮ್ಮ ಫೋನಿನಲ್ಲಿ ವೈರಸ್ ಪತ್ತೆಯಾಗಿದೆ! ತಕ್ಷಣ ಸ್ವಚ್ಛಗೊಳಿಸಿ!" ಜೊತೆಗೆ ಆಂಬುಲೆನ್ಸಿನಂಥ ಸದ್ದು ಬೇರೆ. ಅಮ್ಮ ಗಾಬರಿಯಿಂದ ತಂದು ನನ್ನ ಕೈಗಿಟ್ಟಳು. ನಾನು ಕನ್ನಡಕ ಏರಿಸಿದೆ. "ಹೂಂ" ಎಂದೆ. ಸ್ವಚ್ಛಗೊಳಿಸಿ ಎಂಬಲ್ಲಿ ಒತ್ತಿದೆ. ಅದು ಒಪ್ಪಿಗೆ ಕೇಳಿತು, ಒಪ್ಪಿಗೆ ಕೊಟ್ಟೆ. ಇನ್ನೊಂದು ಕೇಳಿತು, ಅದಕ್ಕೂ ಕೊಟ್ಟೆ. ಹೆಣ್ಣು ಕೊಡುವಾಗಲೂ ನಮ್ಮ ಕಡೆ ಇಷ್ಟು ಸಲೀಸಾಗಿ ಒಪ್ಪುವುದಿಲ್ಲ. ಕೊನೆಗೆ ಪೊರಕೆಯ ಚಿತ್ರವಿರುವ ಒಂದು ಕ್ಲೀನರ್ ಆ್ಯಪ್ ಬಂದು ಕೂತು, ಗುಡಿಸಿದಂತೆ ಮಾಡಿ, ಹಸಿರು ಬಣ್ಣದಲ್ಲಿ "ಈಗ ಸುರಕ್ಷಿತ" ಎಂದಿತು. "ನೋಡಿದ್ಯಾ?" ಎಂದು ಅಮ್ಮನಿಗೆ ತೋರಿಸಿದೆ. ಅವಳ ಮುಖದಲ್ಲಿ ಹೆಮ್ಮೆ ಕಂಡಿತು. ನನ್ನ ಮುಖದಲ್ಲಿ ಅದಕ್ಕಿಂತ ಹೆಚ್ಚೇ ಇದ್ದಿರಬೇಕು.

ಪೊರಕೆ ಒಂಟಿಯಾಗಿ ಬಂದಿರಲಿಲ್ಲ, ಬಳಗ ಕಟ್ಟಿಕೊಂಡು ಬಂದಿತ್ತು. ನಾವು ಕೇಳದ ಟಾರ್ಚು, ಕೇಳದ ಜಾತಕ, ಬ್ಯಾಟರಿಗೆ ಒಬ್ಬ ಡಾಕ್ಟರು, ಘರ್ಜಿಸುವ ಹುಲಿಯ ವಾಲ್‌ಪೇಪರು. ಫೋನು ತೆರೆದರೆ ಸಾಕು, ಸಾಲ ಬೇಕೇ ಎಂದು ಒಬ್ಬ ಕೇಳುತ್ತಾನೆ, ರಮ್ಮಿ ಆಡೋಣ ಬಾ ಎಂದು ಇನ್ನೊಬ್ಬ ಕರೆಯುತ್ತಾನೆ. ಅಮ್ಮ ಚಿಕ್ಕಮ್ಮನ ಮುಖ ಒತ್ತಿದರೆ ಕೂದಲು ಉದುರುವುದಕ್ಕೆ ಎಣ್ಣೆ ಬರುತ್ತಿತ್ತು. ಮತ್ತೆ ನನ್ನ ಕೈಗೆ ಬಂತು. ಈ ಸಲ ನನಗೆ ನಿಜವಾಗಿ ಏನೂ ತೋಚಲಿಲ್ಲ. ತೋಚದಿದ್ದಾಗ ಮುಖ ಗಂಭೀರ ಮಾಡುವುದು ಎಲ್ಲ ವೈದ್ಯರ ಪದ್ಧತಿ. "ಅಮ್ಮಾ, ಇದಕ್ಕೆ ವೈರಸ್ ಜೋರಾಗಿ ಹಿಡಿದಿದೆ. ಒಂದು ಫೋನಿಂದ ಇನ್ನೊಂದು ಫೋನಿಗೆ ಹರಡುತ್ತೆ. ಭಾನುವಾರ ಕೂತ್ಕೊಂಡು ನೋಡ್ತೀನಿ," ಎಂದು ಹೇಳಿ ಕೆಲಸಕ್ಕೆ ಹೊರಟುಹೋದೆ.

ನಾನು ಯಾರ ಮುಂದೆ ಈ ಮಾತಾಡಿದೆ ಎಂದು ಯೋಚಿಸಬೇಕಿತ್ತು. ವೈರಸ್ ಎಂದರೆ ಬೇರೆಯವರಿಗೆ ಮಾಸ್ಕು, ಸ್ಯಾನಿಟೈಸರು ನೆನಪಾಗಬಹುದು. ಹುಳು ಮೇಯಿಸುವವರಿಗೆ ನೆನಪಾಗುವುದು ಹಾಲುತೊಂಡೆ. ಆ ರೋಗ ಬಂದರೆ ಹುಳು ಊದಿಕೊಂಡು, ಮೈಯಿಂದ ಹಾಲಿನಂಥ ನೀರು ಸೋರಿ ಸಾಯುತ್ತದೆ. ಒಂದು ತಟ್ಟೆಗೆ ಬಂದದ್ದು ಇಡೀ ಮನೆಯನ್ನು ತಿಂದುಹಾಕುತ್ತದೆ. ಅದು ವೈರಸ್ಸಿನಿಂದ ಬರುತ್ತದೆ ಎಂದು ಇಲಾಖೆಯವರು ತರಬೇತಿಯಲ್ಲಿ ಹೇಳಿದ್ದು ಅಮ್ಮನಿಗೆ ಚೆನ್ನಾಗಿ ನೆನಪಿತ್ತು. ಹುಳುಗಳು ಆಗ ನಾಲ್ಕನೇ ಜ್ವರದಿಂದ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಕಬಳಿಸಿ ತಿನ್ನುವ ಹಂತದಲ್ಲಿದ್ದವು. ಅಂಥ ಹೊತ್ತಿನಲ್ಲಿ ವೈರಸ್ ಇರುವ ವಸ್ತುವನ್ನು ಸೆರಗಿನಲ್ಲಿಟ್ಟುಕೊಂಡು ಓಡಾಡಲು ಅವಳೇನು ಹುಚ್ಚಿಯೇ?

ಅಮ್ಮ ಫೋನನ್ನು ಚಿಮಟದಲ್ಲಿ ಹಿಡಿದು ಒಯ್ದು, ದನವಿಲ್ಲದ ಹಳೇ ಕೊಟ್ಟಿಗೆಯ ಕಿಟಕಿಯಲ್ಲಿಟ್ಟು, ಸುತ್ತ ಸುಣ್ಣದ ಪುಡಿ ಹಾಕಿದಳು. ಇದೆಲ್ಲ ರಾತ್ರಿ ಮನೆಗೆ ಬಂದಾಗ ನನ್ನ ಹೆಂಡತಿ ಶೋಭಾ ಹೇಳಿದ್ದು. "ನನ್ನ ಫೋನಿಂದ ಚಿಕ್ಕತ್ತೆಗೆ ಮಾಡಿಕೊಡ್ಲಾ ಅಂದೆ. ಬ್ಯಾಡ, ನಿನ್ನ ಫೋನು ಅವನ ಫೋನಿನ ಪಕ್ಕದಲ್ಲೇ ಮಲಗಿರ್ತದೆ, ಅವನದು ನನ್ನದರ ಚಾರ್ಜರಿಗೇ ಹಾಕೋದು. ಪಾಪ, ಕಾಲು ಮುರ್ಕೊಂಡು ಬಿದ್ದವ್ಳೆ, ಅವಳ ಫೋನಿಗೂ ಹತ್ತಿಸೋದು ಬ್ಯಾಡ ಅಂದ್ರು ಅತ್ತೆ," ಎಂದಳು. ಇನ್ನೂ ಒಂದು ಕಟ್ಟಪ್ಪಣೆಯಾಗಿತ್ತು. ಯಾರಿಗೂ ಹೇಳಕೂಡದು. ಹುಳುವಿಗೆ ರೋಗ ಬಂದರೆ ನಮ್ಮ ಕಡೆ ಯಾರೂ ಬಾಯಿ ಬಿಡುವುದಿಲ್ಲ. ಬಾಯಿ ಬಿಟ್ಟರೆ ಆಮೇಲೆ ಅಕ್ಕಪಕ್ಕದವರು ಸೊಪ್ಪಿನ ಚೀಲವನ್ನೂ ಕೊಡುವುದಿಲ್ಲ, ಆ ಮನೆಯ ದಿಕ್ಕಿಗೂ ಬರುವುದಿಲ್ಲ. ಅದೇ ನಿಯಮ ಫೋನಿಗೂ ಜಾರಿಯಾಯಿತು. ನನಗೆ ಸ್ಟೋರ್ಸಿನಲ್ಲಿ ದಾಸ್ತಾನು ಎಣಿಸುವ ಗಲಾಟೆ, ಭಾನುವಾರವೂ ಕೆಲಸಕ್ಕೆ ಕರೆದರು. ನಿಜ ಹೇಳಬೇಕೆಂದರೆ ಕರೆದದ್ದು ಒಳ್ಳೆಯದೇ ಆಯಿತು ಅಂದುಕೊಂಡೆ.

ಆ ವಾರದಲ್ಲೊಂದು ದಿನ ಚಿಕ್ಕಮ್ಮನ ಸೊಸೆ ಸವಿತಾ ನನಗೆ ಕಾರ್ಖಾನೆಗೆ ಫೋನು ಮಾಡಿದಳು. ದನಿ ಅಳುವಂತಿತ್ತು.

"ಭಾವ, ದೊಡ್ಡತ್ತೆ ಹುಷಾರಾಗಿದ್ದಾರಾ? ಮೊದಲು ರಿಂಗಾದ್ರೂ ಆಗ್ತಿತ್ತು, ಈಗ ಸ್ವಿಚ್ ಆಫ್ ಬರ್ತಿದೆ. ಅತ್ತೆ ಮೂರು ಹೊತ್ತೂ ಆ ಫೋನನ್ನೇ ನೋಡ್ತಾ ಮಲಗಿರ್ತಾರೆ. ಊಟ ಸೇರ್ತಿಲ್ಲ. ನಿಮಗೆ ಹೇಳ್ಬೇಡ ಅಂದಿದ್ರು, ಕದ್ದು ಮಾಡ್ತಿದೀನಿ."

"ಯಾಕೆ, ಏನಾಯ್ತು?"

"ನನಗಿಂತ ಅಕ್ಕಂಗೆ ಹುಳಾನೇ ಹೆಚ್ಚಾಯ್ತು, ನೋಡಕ್ಕೂ ಬರಲಿಲ್ಲ ಅಂತ ಅತ್ತೆ ಏನೋ ಬೇಜಾರಲ್ಲಿ ಒಂದು ಮಾತು ಅಂದಿದ್ರಂತೆ. ಅದಕ್ಕೇ ದೊಡ್ಡತ್ತೆ ಮಾತು ಬಿಟ್ಟವ್ರೆ ಅಂತ ಒಂದೇ ಸಮ ಕೊರಗ್ತಾರೆ."

ಅರವತ್ತು ದಾಟಿದ ಇಬ್ಬರು ಹೆಂಗಸರು. ಒಬ್ಬಳು ತಂಗಿಗೆ ರೋಗ ಹತ್ತಬಾರದೆಂದು ಬಾಯಿ ಕಟ್ಟಿಕೊಂಡಿದ್ದಾಳೆ, ಇನ್ನೊಬ್ಬಳು ಅಕ್ಕ ತನ್ನನ್ನು ಬಿಟ್ಟೇಬಿಟ್ಟಳೆಂದು ಗೋಡೆ ನೋಡುತ್ತಿದ್ದಾಳೆ. ಮಧ್ಯದಲ್ಲಿ ನಾನು, ದೊಡ್ಡ ಡಾಕ್ಟರು, ಬೋಲ್ಟು ನಟ್ಟು ಎಣಿಸುತ್ತಿದ್ದೇನೆ.

ಪಕ್ಕದ ಅಕೌಂಟ್ಸಿನ ಮುನಿರಾಜುವಿನ ಹತ್ತಿರ ನಾಚಿಕೆ ಬಿಟ್ಟು ಎಲ್ಲ ಹೇಳಿದೆ. ಅವನು ನಗಬಹುದಿತ್ತು, ನಗಲಿಲ್ಲ. "ನಾನೂ ಬಿದ್ದಿದ್ದೆ ಗುರು ಇದಕ್ಕೆ. ನನ್ನ ಫೋನಲ್ಲಿ ಎರಡು ಪೊರಕೆ ಇದ್ವು," ಎಂದ. "ಅದು ವೈರಸ್ಸೂ ಅಲ್ಲ, ಗಿರಸ್ಸೂ ಅಲ್ಲ, ಜಾಹೀರಾತು ಕಣೋ. ನಿನ್ನ ಫೋನಿನ ಒಳಗೆ ಏನೈತೆ ಅಂತ ಒಂದು ವೆಬ್‌ಸೈಟಿಗೆ ಕಾಣೋದೇ ಇಲ್ಲ. ಹೆದರಿಸ್ತಾರೆ, ಹೆದರಿ ಒತ್ತಿದ್ರೆ ಒಳಗೆ ಬರ್ತಾರೆ. ಅಂಥದ್ದು ಬಂದ್ರೆ ಏನೂ ಒತ್ತಬಾರದು, ಆ ಪುಟಾನೇ ಮುಚ್ಚಿ ಎದ್ದುಬಿಡ್ಬೇಕು." ಆಮೇಲೆ ಹೊಸದಾಗಿ ಬಂದು ಕೂತ ಆ್ಯಪುಗಳನ್ನೆಲ್ಲ ಹೇಗೆ ಕಿತ್ತುಹಾಕುವುದು, ನಾನು ಧಾರಾಳವಾಗಿ ಕೊಟ್ಟಿದ್ದ ಒಪ್ಪಿಗೆಗಳನ್ನು ಬ್ರೌಸರಿನ ಸೆಟ್ಟಿಂಗಿಗೆ ಹೋಗಿ ಹೇಗೆ ವಾಪಸು ಪಡೆಯುವುದು ಎಂದು ಚಹಾ ಆರುವವರೆಗೂ ಕೂತು ತೋರಿಸಿಕೊಟ್ಟ.

ಅರ್ಧ ದಿನ ರಜೆ ಬರೆದು ಮನೆಗೆ ಬಂದೆ. ಕೊಟ್ಟಿಗೆಯಿಂದ ಫೋನು ತೆಗೆದು, ಸುಣ್ಣ ಒರೆಸಿ, ಚಾರ್ಜಿಗೆ ಹಾಕಿ, ಪೊರಕೆ, ಟಾರ್ಚು, ಜಾತಕ, ಹುಲಿ, ಬ್ಯಾಟರಿ ಡಾಕ್ಟರು ಎಲ್ಲರನ್ನೂ ಸಾಲಾಗಿ ಹೊರಗಟ್ಟಿದೆ. ಅಮ್ಮ ಹೊಸ್ತಿಲಾಚೆ ನಿಂತು ನೋಡುತ್ತಿದ್ದಳು.

"ವಾಸಿಯಾಯ್ತಾ?"

"ಆಯ್ತು. ಯಾರೋ ಕಳ್ಳರು ಹೊರಗಿಂದ ಕಳಿಸಿದ್ರು ಅಮ್ಮಾ. ತೆಗೆದು ಬಿಸಾಕಿದೀನಿ."

ಒಳಗೆ ಕರೆದವನು ನಾನೇ ಎಂಬುದನ್ನು ಮುಚ್ಚಿಟ್ಟೆ. ಅಮ್ಮ ಬೇಗ ಬೇಗ ತಲೆಯಾಡಿಸಿದಳು. ಅಷ್ಟು ಬೇಗ ಒಪ್ಪಿಕೊಳ್ಳುವ ಹೆಂಗಸಲ್ಲ ಅವಳು. ಚಿಕ್ಕಮ್ಮ ಕೊರಗುತ್ತಿರುವುದನ್ನು ಹೇಳಿದೆ. ಅವಳ ಕಣ್ಣು ತುಂಬಿ ಬಂತು. "ಅಯ್ಯೋ ನನ್ ಲಚ್ಚೀ," ಎಂದು ಫೋನು ಕಿತ್ತುಕೊಂಡು ಜಗಲಿಗೆ ಹೋದಳು. ಮಧ್ಯಾಹ್ನದ ಸೊಪ್ಪು ಹಾಕುವ ಕೆಲಸ ನನ್ನ ಮೇಲೆ ಬಿತ್ತು. ಸೊಪ್ಪು ಹಾಕಿ, ಕೈ ತೊಳೆದು ಒಳಗಿಂದ ಬರುವಾಗ ಬಾಗಿಲ ಮರೆಯಲ್ಲೇ ನಿಂತೆ. ವಿಮಾನದ ಸದ್ದಿಗೆ ಕೇಳುವುದಿಲ್ಲವೆಂದು ಅಮ್ಮ ಯಾವಾಗಲೂ ಸ್ಪೀಕರಿಗೆ ಹಾಕಿಯೇ ಮಾತಾಡುವುದು.

"ನಾನಂದ ಮಾತಿಗೆ ಸಿಟ್ಟಾದೆ ಅಂದ್ಕಂಡೆ ಅಕ್ಕ," ಚಿಕ್ಕಮ್ಮ ಮೂಗೊರೆಸಿಕೊಳ್ಳುತ್ತಿದ್ದಳು.

"ಯಾವ ಮಾತೇ? ಹುಳ ಹೆಚ್ಚು ಅಂದಿದ್ದಾ? ಹೆಚ್ಚೇ ಮತ್ತೆ. ಹುಳ ನಿನ್ನಂಗೆ ಬಚ್ಚಲಲ್ಲಿ ಜಾರಿ ಬೀಳ್ತದಾ?"

ಇಬ್ಬರೂ ನಕ್ಕರು. ಅಷ್ಟರಲ್ಲಿ ವಿಮಾನ ಬಂತು. "ಇರು, ವಿಮಾನ," ಎಂದು ಅಮ್ಮ ಕಾದಳು. ಅತ್ತ ಚಿಕ್ಕಮ್ಮನೂ ಕಾದಳು. ಸದ್ದು ಹೋದ ಮೇಲೆ ಚಿಕ್ಕಮ್ಮ ದನಿ ತಗ್ಗಿಸಿದಳು.

"ಅಕ್ಕಾ, ನನ್ನ ಫೋನೂ ಹಂಗೇ ಆಗೈತೆ. ಕಾಲು ನೋಡಕ್ಕೆ ಬಂದಿದ್ನಲ್ಲ ನಿನ್ನ ಮಗ ನಾಗರಾಜ, ಅವತ್ತು ಏನೋ ಪೊರಕೆ ಹಾಕ್ಕೊಟ್ಟ. ಅವತ್ತಿಂದ ನಿನ್ನ ನಂಬರ್ ಒತ್ತಿದ್ರೆ ಯಾವಳೋ ಬಂದು ಕುಣೀತಾಳೆ. ಅವನಿಗೆ ಹೇಳಬ್ಯಾಡ ಮತ್ತೆ. ಪಾಪ, ಅಷ್ಟು ದೂರದಿಂದ ಬಂದು, ನನ್ನ ಕಾಲ ಹತ್ರ ಕೂತ್ಕಂಡು ಮಾಡ್ಕೊಟ್ಟ. ನೊಂದ್ಕತಾನೆ."

"ನಾನ್ಯಾಕೆ ಹೇಳ್ಲಿ? ನಂದ್ರಲ್ಲೂ ಅವನೇ ಹಾಕಿದ್ದು. ಗೊತ್ತಿಲ್ದಂಗೆ ಇದೀನಿ."

ಹೌದು, ಹಾಕಿದ್ದೆ. ಅಮ್ಮನ ಫೋನು ಸುರಕ್ಷಿತವಾದ ಮಾರನೇ ದಿನ, ಅದೇ ಹುರುಪಿನಲ್ಲಿ, ಚಿಕ್ಕಮ್ಮನಿಗೂ ಇರಲಿ ಎಂದು, ಯಾರೂ ಕೇಳದಿದ್ದರೂ ಹಾಕಿಕೊಟ್ಟು, ಸವಿತಾ ಮಾಡಿದ ಕಾಫಿ ಕುಡಿದು ಬಂದಿದ್ದೆ. ರೋಗವನ್ನು ಊರೂರಿಗೆ ಹೊತ್ತು ತಿರುಗಿದ್ದು ನಾನೇ. ಇಬ್ಬರಿಗೂ ಅದು ಗೊತ್ತಿತ್ತು. ಮುರಿದ ಕಾಲಿಟ್ಟುಕೊಂಡು ಮಲಗಿದವಳು ಆ ಕುಣಿಯುವವಳನ್ನು ಇಷ್ಟು ದಿನ ಸಹಿಸಿಕೊಂಡದ್ದು ನನ್ನ ಮನಸ್ಸು ನೋಯದಿರಲಿ ಎಂದು. ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಎರಡು ಹೆಜ್ಜೆ ಹಿಂದೆ ಹೋಗಿ, ಜೋರಾಗಿ ಕೆಮ್ಮಿಕೊಂಡು ಜಗಲಿಗೆ ಬಂದೆ.

"ಬಂದ ನೋಡು," ಅಮ್ಮನ ದನಿ ಥಟ್ಟನೆ ಬದಲಾಯಿತು. "ನಾಗ, ನಿಮ್ಮ ಚಿಕ್ಕಮ್ಮನ ಫೋನು ಯಾಕೋ ನಿಧಾನ ಅಂತೆ ಕಣಪ್ಪ. ಹಳೇದಾಯ್ತಲ್ಲ, ಅದಕ್ಕೇ ಇರ್ಬೇಕು."

"ನೋಡೋಣ ಬಿಡಮ್ಮ," ಎಂದೆ, ಹುಬ್ಬು ಗಂಟಿಕ್ಕದೆ.

ಹುಳುಗಳೆಲ್ಲ ಹಣ್ಣಾಗಿ ಗೂಡು ಕಟ್ಟಿ, ಗೂಡು ಮಾರ್ಕೆಟ್ಟಿಗೆ ಹೋದ ಮೇಲೆ ಅಮ್ಮನನ್ನು ಗಾಡಿಯ ಹಿಂದೆ ಕೂರಿಸಿಕೊಂಡು ತ್ಯಾಮಗೊಂಡ್ಲುವಿಗೆ ಹೋದೆ. ಅಕ್ಕತಂಗಿಯರು ಕೈ ಕೈ ಹಿಡಿದುಕೊಂಡು ಕೂತರು. ನಾನು ಮಂಚದ ತುದಿಯಲ್ಲಿ ಕೂತು, ನಾನೇ ಹಾಕಿದ್ದನ್ನು ನಾನೇ ಕಿತ್ತು, ಫೋನು ಚಿಕ್ಕಮ್ಮನ ಕೈಗಿಟ್ಟೆ. ಅವಳು ಒತ್ತಿದಳು. ಯಾರೂ ಕುಣಿಯಲಿಲ್ಲ. ಪಕ್ಕದಲ್ಲೇ ಕೂತಿದ್ದ ಅಮ್ಮನ ಮಡಿಲಲ್ಲಿ ಫೋನು ರಿಂಗಾಯಿತು. "ನಿನ್ನ ಕೈಗುಣ ಬಾಳ ಒಳ್ಳೇದು ಕಣೋ ನಾಗರಾಜ," ಎಂದಳು ಚಿಕ್ಕಮ್ಮ. ಅಮ್ಮ ತೀರಾ ಆಸಕ್ತಿಯಿಂದ ಸೂರು ನೋಡುತ್ತಿದ್ದಳು.

ಈ ಮಾತು ಬೇಲಿ ದಾಟಿತೋ ಏನೋ, ಪಕ್ಕದ ಮನೆಯ ಹೆಂಗಸು ಸೆರಗಿನಲ್ಲಿ ಫೋನು ಒರೆಸಿಕೊಳ್ಳುತ್ತ ಬಂದರು. "ಅಣ್ಣಾ, ನಂದೂ ಒಸಿ ನೋಡ್ಕೊಡಣ್ಣ." ನಾನು ಕನ್ನಡಕ ಏರಿಸಿ ಕೈ ಚಾಚಿದೆ. ಸಂಜೆಯವರೆಗೂ ಕದಲುವುದಿಲ್ಲ ಎಂದು ಬಂದಿದ್ದ ಅಮ್ಮ ಧಡಕ್ಕನೆ ಎದ್ದು ನಿಂತಳು. "ಇಲ್ಲ ಕಣಮ್ಮ, ಅವನಿಗೆ ಬಾಳ ಕೆಲಸ. ಹೊತ್ತಾಯ್ತು, ಹೊರಟ್ವಿ," ಎಂದು ನನ್ನ ರಟ್ಟೆ ಹಿಡಿದು ಬೀದಿಗೆ ಎಳೆದು ತಂದಳು. ಗಾಡಿ ಹತ್ತಿ, ನನ್ನ ಹೆಗಲ ಮೇಲೆ ಕೈಯಿಟ್ಟು ಕೂತಳು.

"ಪಾಪ, ಆಯಮ್ಮಂಗೆ ಮಾಡ್ಕೊಡಬಹುದಿತ್ತು," ಎಂದೆ, ಏನೂ ತಿಳಿಯದವನಂತೆ.

ಹೆಗಲ ಮೇಲಿನ ಕೈ ಸ್ವಲ್ಪ ಬಿಗಿಯಾಯಿತು. "ನೀನು ಗಾಡಿ ಬಿಡಪ್ಪ," ಎಂದಳು ಅಮ್ಮ.