ಭಾರಕ್ಕೆಂದು ಕೂತವರು

ಹಳೆಯ ಕಾರಿನ ಹೊಯ್ದಾಟ ನಿಲ್ಲಿಸುವುದು ಭೌತಶಾಸ್ತ್ರ ಓದಿದವರಿಗೆ ದೊಡ್ಡ ಕೆಲಸವಲ್ಲ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಆಗ ತಾನೇ ಎಂ.ಎಸ್ಸಿ. ಮುಗಿಸಿ ದಾವಣಗೆರೆಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ಸ್ಪ್ರಿಂಗಿಗೆ ತೂಕ ಕಟ್ಟಿ, ಅದು ಎಷ್ಟು ಜಗ್ಗುತ್ತದೆ ಎಂದು ಹುಡುಗರಿಗೆ ತೋರಿಸುವುದು ನನ್ನ ಉದ್ಯೋಗ. ಕಾರು ಅಂದರೆ ಮತ್ತೇನು? ಸ್ಪ್ರಿಂಗಿನ ಮೇಲೆ ಕೂತ ತೂಕ.

ಕೆ.ಬಿ. ಬಡಾವಣೆಯ ನಮ್ಮ ಮನೆಯಲ್ಲಿ ಜನ ಹೆಚ್ಚು, ಬಾಗಿಲು ಕಡಿಮೆ. ಒಳಗಿನಿಂದ ಭದ್ರವಾಗಿ ಹಾಕಿಕೊಳ್ಳಬಹುದಾದ ಬಾಗಿಲು ಇದ್ದದ್ದು ಬಚ್ಚಲಿಗೆ, ಮತ್ತೆ ಬೇವಿನ ಮರದ ಕೆಳಗೆ ನಿಂತಿರುತ್ತಿದ್ದ ಅಪ್ಪಾಜಿಯ ಬೂದು ಕಾರಿಗೆ. ಬಚ್ಚಲಲ್ಲಿ ಬಹಳ ಹೊತ್ತು ಇರಲು ಮನೆಯವರು ಬಿಡುವುದಿಲ್ಲ. ಹಾಗಾಗಿ ಮಧ್ಯಾಹ್ನ ನಾನು ಕಾರಿನ ಹಿಂದಿನ ಸೀಟಿನಲ್ಲಿ ಪುಸ್ತಕ ಹಿಡಿದು ಕೂರುತ್ತಿದ್ದೆ. ಗಾಳಿ ಬೀಸಿದರೂ ಸಾಕು, ಕಾರು ಕಟ್ಟಿಹಾಕಿದ ದೋಣಿಯ ಹಾಗೆ ಮೆಲ್ಲಗೆ ತೂಗುತ್ತಿತ್ತು. ಗಾಜಿನ ಮೇಲೆ ಬೇವಿನ ನೆರಳು ಹರಿದಾಡುತ್ತಿತ್ತು. ಮಿಲ್ಲುಗಳ ಕಡೆಯಿಂದ ಹತ್ತಿಯ ಎಳೆಯೊಂದು ತೇಲಿ ಬಂದು, ಎಲ್ಲಿ ಇಳಿಯಲಿ ಎಂದು ಯೋಚಿಸುತ್ತ ಕಿಟಕಿಯ ಹೊರಗೆ ನಿಲ್ಲುತ್ತಿತ್ತು. ಪುಸ್ತಕದ ಪುಟ ತಿರುಗುತ್ತಿರಲಿಲ್ಲ. ನಾನು ಎಲ್ಲಿರುತ್ತಿದ್ದೆನೋ ನನಗೇ ಗೊತ್ತಿಲ್ಲ.

ಅಪ್ಪಾಜಿಗೆ ಈ ತೂಗಾಟದಲ್ಲಿ ಯಾವ ಕನಸೂ ಕಾಣಲಿಲ್ಲ. "ಇದ್ರಾಗ ಕುಂತು ಇಳಿದ್ರೆ ಸೊಂಟ ಎಲ್ಲೈತೆ ಅಂತ ಹುಡುಕ್ಬೇಕು. ಮಾರಿಬಿಡ್ತೀನಿ" ಎಂದರು. ಮಲೆಬೆನ್ನೂರಿನ ಅಕ್ಕಿ ಗಿರಣಿ ಸಾಹುಕಾರರೊಬ್ಬರು ಆಗಲೇ ಬಂದು ನೋಡಿದ್ದರು. ಕಾರಿನ ಹಿಂಭಾಗ ಕುಸಿದದ್ದು ಕಂಡು, "ನಮ್ದು ದೊಡ್ಡ ಸಂಸಾರ, ತಡೀತೈತೇನ್ರಿ?" ಎಂದು ಅನುಮಾನಿಸಿ, ಭಾನುವಾರ ಸಂಜೆ ಕಡೆಯ ಮಾತು ತಿಳಿಸುವುದಾಗಿ ಹೇಳಿ ಹೋಗಿದ್ದರು.

"ಅಷ್ಟರೊಳಗೆ ನಾನು ಸರಿ ಮಾಡಿಸಿದ್ರೆ?" ಎಂದೆ.

"ನೆಟ್ಟಗಾದ್ರೆ ಮಾರೋದ್ಯಾಕವ್ವ? ನಾನೇ ಓಡಿಸಿ ನೋಡ್ತೀನಿ. ಚೂರು ಸೊಟ್ಟ ಇತ್ತೋ, ಕೊಟ್ಟುಬಿಡಾದೆ."

ಇದಕ್ಕಿಂತ ನ್ಯಾಯವಾದ ಒಪ್ಪಂದ ಇನ್ನೊಂದಿಲ್ಲ ಅನ್ನಿಸಿತು.

ನಮ್ಮ ಓಣಿಯ ತುದಿಯಲ್ಲಿ ರಜಾಕ್ ಸಾಬರ ಗ್ಯಾರೇಜು. ಅವರು ಹಿಂದಿನ ಚಕ್ರದ ಮೇಲೆ ಸ್ಪ್ರಿಂಗಿನಂತಿರುವ ಕಬ್ಬಿಣದ ಪಟ್ಟಿಗಳನ್ನು, ಅವರ ಮಾತಿನಲ್ಲಿ ಪಾಟಾಗಳನ್ನು, ಬಿಚ್ಚಿ ಹೊಸದಾಗಿ ಜೋಡಿಸಿದರು. ಸವೆದ ರಬ್ಬರುಗಳನ್ನು ಬದಲಿಸಿದರು. ಸ್ಟೀರಿಂಗನ್ನು ಮುಂದಿನ ಚಕ್ರಗಳಿಗೆ ಜೋಡಿಸುವ ರಾಡುಗಳನ್ನೂ ಬಿಚ್ಚಿ ಹಾಕಿದರು. ಭಾನುವಾರ ಬೆಳಿಗ್ಗೆ ಉಳಿದಿದ್ದು ಬೋಲ್ಟು ಬಿಗಿಯುವ ಕೆಲಸ ಮಾತ್ರ. ಅಲ್ಲಿ ನನ್ನ ವಿದ್ಯೆ ಎದ್ದು ಕೂತಿತು.

"ಸಾಬ್ರೆ, ಕಾರಿನ ಮೇಲೆ ಭಾರ ಇರುವಾಗಲೇ ಬಿಗೀಬೇಕು. ಇಲ್ಲದಿದ್ರೆ ಆಮೇಲೆ ಜನ ಕೂತಾಗ ರಬ್ಬರು ತಿರುಚಿ ಹರಿದುಹೋಗುತ್ತೆ."

"ಬರೋಬರಿ ಮಾತು ಮಗಳೇ. ಸಿಮೆಂಟ್ ಚೀಲ ತರಿಸ್ಲೇನು?"

ನನ್ನ ಕನಸಿನ ಸೀಟಿನ ಮೇಲೆ ಸಿಮೆಂಟ್ ಚೀಲ! "ಬೇಡ, ಜನರನ್ನೇ ಕೂರಿಸೋಣ" ಎಂದು ಮನೆಗೆ ಓಡಿ, ಓಣಿಯ ಹೆಂಗಸರಲ್ಲಿ ಸ್ವಲ್ಪ ತೂಕ ಇರುವವರನ್ನು ಅರ್ಧ ಗಂಟೆಯ ಮಟ್ಟಿಗೆ ಕಳಿಸು ಎಂದು ಅವ್ವನಿಗೆ ಹೇಳಿ ಬಂದೆ.

ಅವ್ವ ಜನ್ಮದಲ್ಲಿ ಯಾರಿಗೂ ನೀವು ದಪ್ಪ ಎಂದವಳಲ್ಲ. ನೆರೆಯವರಿಗೆ ಅವಳು ಹೇಳಿದ್ದು ಇಷ್ಟೇ ಎಂದು ಆಮೇಲೆ ತಿಳಿಯಿತು: "ಮಗಳು ಕರೀತಾಳ್ರಿ. ಕಾರಾಗ ಕೂಡ್ರಾಕ ಬರ್ಬೇಕಂತೆ."

ಎಲ್ಲಿಗೂ ಹೋಗದೆ ಕಾರಿನಲ್ಲಿ ಕೂರುವುದಕ್ಕೆ ಕರೆಯುತ್ತಾರೆಂದು ಯಾರಾದರೂ ಊಹಿಸುತ್ತಾರೆಯೇ? ಪಕ್ಕದ ಮನೆಯ ದಾಕ್ಷಾಯಣಮ್ಮನ ಮುಂದಾಳತ್ವದಲ್ಲಿ ಆರು ಜನ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಕಾಯಿ ಕರ್ಪೂರದ ಬುಟ್ಟಿ ಹಿಡಿದು ಬಂದರು. ಹಿಂದೆ ನಾಲ್ವರು, ಮುಂದೆ ಇಬ್ಬರು ಹತ್ತಿದರು. ಕಾರು ನಿಟ್ಟುಸಿರು ಬಿಟ್ಟು ಕೆಳಗಿಳಿಯಿತು. ಭಾರ ಸಾಕಷ್ಟಿತ್ತು. ನನಗೆ ಬಹಳ ಸಂತೋಷವಾಯಿತು. ಬುಟ್ಟಿಯ ಕಡೆ ಗಮನ ಹೋಗಲಿಲ್ಲ.

ಸಾಬರು ಕಾರಿನ ಕೆಳಗಿನ ಗುಂಡಿಗೆ ಇಳಿದು ಪಾಟಾ ಬಿಗಿದರು. ನಂತರ, "ಸ್ಟೀರಿಂಗ್ ನೆಟ್ಟಗೆ ಹಿಡ್ಕೊಂಡಿರ್ರಿ ಮಗಳೇ. ರಾಡು ಬಿಗೀತೀನಿ" ಎಂದು ಕೂಗಿದರು.

ಹಿಡಿದೆ. ಹಿಂದಿನ ಸೀಟಿನಲ್ಲಿ ದಾಕ್ಷಾಯಣಮ್ಮ ಯಾರಿಗೋ ಹೇಳುತ್ತಿದ್ದರು. ಹರಿಹರದ ಹೊಳೆಯಲ್ಲಿ ಈಗ ನೀರು ತಿಳಿಯಾಗಿದೆಯಂತೆ, ಕಾಲಿಟ್ಟರೆ ತಳದ ಮರಳು ಬೆರಳ ಸಂದಿಯಿಂದ ಮೆಲ್ಲಗೆ ಜಾರುತ್ತದಂತೆ. ನಾನು ಹೊಳೆಯಲ್ಲಿ ನಿಂತಿದ್ದೆ. ನೀರು ತಣ್ಣಗಿತ್ತು. ಮರಳು ಜಾರಿತು. ಅದರ ಜೊತೆಗೆ ಕೈಯಲ್ಲಿದ್ದ ಸ್ಟೀರಿಂಗೂ ಬಲಕ್ಕೆ ಜಾರಿತು.

"ಆತು" ಎಂದು ಸಾಬರು ಮೇಲೆ ಬಂದರು.

"ಬಹಳ ಉಪಕಾರವಾಯ್ತು. ಇನ್ನು ಇಳೀಬಹುದು" ಎಂದೆ.

ಯಾರೂ ಅಲುಗಲಿಲ್ಲ. "ಇಳಿಯಾದಾ?" ಎಂದರು ದಾಕ್ಷಾಯಣಮ್ಮ. "ದೇವ್ರಿಗೆ ಅಂತ ಕಾಯಿ ಹಿಡ್ಕಂಡು ಕುಂತೀವಿ. ಹರಿಹರ ಕಾಣ್ದೆ ಹೆಂಗೆ ಇಳಿಯಾದವ್ವ?"

ನಿಮ್ಮನ್ನು ಕರೆದದ್ದು ಸಿಮೆಂಟ್ ಚೀಲಗಳ ಬದಲಿಗೆ ಎಂದು ಹೇಳುವ ಧೈರ್ಯವನ್ನು ಯಾವ ವಿಶ್ವವಿದ್ಯಾಲಯವೂ ಕೊಡುವುದಿಲ್ಲ. ಕಾರು ಹೊರಡಿಸಿದೆ.

ಪಾಟಾಗಳ ಕೆಲಸ ಅದ್ಭುತವಾಗಿತ್ತು. ಆರು ಜನರನ್ನೂ ನನ್ನನ್ನೂ ಹೊತ್ತ ಕಾರು ಗುಂಡಿಗಳ ಮೇಲೆ ಮೋಡದ ಹಾಗೆ ತೇಲಿತು. ಕಿರುಗುಟ್ಟಲಿಲ್ಲ. ತೊಡಕಿದ್ದದ್ದು ಒಂದೇ: ಸ್ಟೀರಿಂಗ್ ನೇರ ಹಿಡಿದರೆ ಕಾರು ಎಡಗಡೆಯ ಹೊಲಕ್ಕೆ ಇಳಿಯಲು ಹೊರಡುತ್ತಿತ್ತು. ನೇರ ಹೋಗಬೇಕಾದರೆ, ರಾಡು ಬಿಗಿಯುವಾಗ ಜಾರಿದಷ್ಟೇ ಬಲಕ್ಕೆ ತಿರುಗಿಸಿ ಹಿಡಿದಿರಬೇಕು.

ಪಕ್ಕದಲ್ಲಿದ್ದ ಹೆಂಗಸು ಬಹಳ ಹೊತ್ತು ನೋಡಿ, "ಬಲಕ್ಕ ಯಾರ ಮನೆಗಾರ ಹೋಗಾದೈತೇನವ್ವ?" ಎಂದರು.

"ಇಲ್ಲ. ನೇರ ಹೋಗ್ತಿದೀನಿ."

"ಓದಿದೋರದ್ದು ಬ್ಯಾರೆನೇ ಬಿಡು."

ದರ್ಶನವಾಯಿತು. ಹೊಳೆಯಲ್ಲಿ ಕಾಲಿಟ್ಟೂ ಆಯಿತು. ಮರಳುವಾಗ ಹರಿಹರದ ಬಸ್ ನಿಲ್ದಾಣದ ಹತ್ತಿರ ಬಲಕ್ಕೆ ಹೊರಳಬೇಕಿತ್ತು. ಬಲಕ್ಕೆ ತಿರುಗಬೇಕಾದ ಸ್ಟೀರಿಂಗಿನ ಪಾಲನ್ನು ನೇರ ಹೋಗುವುದಕ್ಕೇ ಖರ್ಚು ಮಾಡಿದ್ದೆ, ಉಳಿದದ್ದು ಸಾಲಲಿಲ್ಲ. ಕಾರು ಚಹಾದ ಅಂಗಡಿಯ ಬೆಂಚಿಗೆ ಮೂಗು ತಾಗಿಸಿ ನಿಂತಿತು. ಹಿಂದಕ್ಕೆ ತೆಗೆದೆ, ಮುಂದಕ್ಕೆ ಬಿಟ್ಟೆ. ಬಸ್ಸುಗಳು ನಿಂತವು. ಇಡೀ ಹರಿಹರ ಸಲಹೆ ಕೊಡತೊಡಗಿತು. ಆ ಗುಂಪಿನಿಂದ ಬಿಳಿ ಪಂಚೆಯ ಒಬ್ಬರು ಮುಂದೆ ಬಂದು ಕಾರಿನ ಹಿಂಬದಿಗೆ ಬಗ್ಗಿ ನೋಡಿದರು. ನಮ್ಮ ಮನೆಗೆ ಹೊರಟು ದಾವಣಗೆರೆ ಬಸ್ಸಿಗೆ ಕಾಯುತ್ತಿದ್ದ ಮಲೆಬೆನ್ನೂರಿನ ಸಾಹುಕಾರರು.

"ಏಳು ಮಂದಿ ಕುಂತಾರ, ಒಂದೀಟೂ ಕುಸಿದಿಲ್ಲಲ್ಲ!" ಎಂದರು, ದೇವರನ್ನು ಕಂಡವರ ಹಾಗೆ.

"ತೊಟ್ಟಿಲು ಇದ್ದಂಗೈತ್ರಿ. ನಂಗೆ ಕಣ್ಣು ಹತ್ತಿತ್ತು" ಎಂದು ದಾಕ್ಷಾಯಣಮ್ಮ ಕಿಟಕಿಯಿಂದ ಸಾಕ್ಷಿ ನುಡಿದರು.

ನಾವು ಮನೆ ಮುಟ್ಟುವಷ್ಟರಲ್ಲಿ ಸಾಹುಕಾರರು ಬಸ್ಸಿನಲ್ಲಿ ಬಂದು, ನಮ್ಮ ಪಡಸಾಲೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದರು. ಕೊಳ್ಳುವುದು ಖಂಡಿತ ಎಂದಾಗಿತ್ತು. ಆದರೂ ಅಪ್ಪಾಜಿ ನನ್ನ ಮುಖ ನೋಡಿ, ಮಾತಿನಂತೆ ತಾವೇ ಸ್ಟೀರಿಂಗ್ ಹಿಡಿದು ಓಣಿಯ ಒಂದು ಸುತ್ತು ಹೋಗಿ ಬಂದರು.

"ಪಾಟಾ ಬೆಣ್ಣೆ ಆಗ್ಯಾವೆ. ಸ್ಟೀರಿಂಗ್ ಸೊಟ್ಟ ಐತಲ್ಲವ್ವ" ಎಂದರು, ನಿಜವಾಗಿ ನೊಂದುಕೊಂಡು.

"ಸೊಟ್ಟ ಇದ್ರೆ ಇರ್ಲಿ ಬಿಡ್ರಿ, ಎಡಕ್ಕೇ ಎಳೀತೈತಲ್ಲ" ಎಂದರು ಸಾಹುಕಾರರು. "ನಮ್ಮ ಗಿರಣಿನೂ ರಸ್ತೆ ಎಡಕ್ಕೇ ಐತೆ."

ಹೀಗೆ ಪಾಟಾ ಸರಿಮಾಡಿಸಿ ಕೊಳ್ಳುವವರನ್ನು ಒಪ್ಪಿಸಿದೆ, ಸ್ಟೀರಿಂಗ್ ಕೆಡಿಸಿ ಮಾರುವವರನ್ನೂ ಒಪ್ಪಿಸಿದೆ. ಇಷ್ಟು ಅಚ್ಚುಕಟ್ಟಾಗಿ ವ್ಯಾಪಾರ ಕುದುರಿಸಿದ ದಲ್ಲಾಳಿ ದಾವಣಗೆರೆ ಪೇಟೆಯಲ್ಲೇ ಇರಲಿಕ್ಕಿಲ್ಲ. ಸೋಮವಾರ ಮಧ್ಯಾಹ್ನ ಆ ದಲ್ಲಾಳಿ ಪುಸ್ತಕ ಹಿಡಿದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಂದು ಪುಟವೂ ಮುಗಿದಿರಲಿಲ್ಲ, ಅವ್ವ ಬಾಗಿಲು ಬಡಿದಳು.