ಈಸ್ಟರ್ ಬೆಳಗಿನ ಚಹಾ

ನಮ್ಮ ಮನೆತನದಲ್ಲಿ ಬಿ.ಎ. ಪಾಸಾದವನು ನಾನೇ ಮೊದಲಿಗ. ನಾನಾಗಿ ಹೇಳದಿದ್ದರೆ ಇದನ್ನು ಯಾರೂ ಕೇಳುವುದಿಲ್ಲ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಅಪ್ಪ ರೈಲುಹಳಿ ದುರಸ್ತಿ ಮಾಡುವ ಗ್ಯಾಂಗಿನಲ್ಲಿದ್ದ. ಅವನು ತೀರಿಕೊಂಡ ಮೇಲೆ ಅವ್ವ ಕೇಶ್ವಾಪುರದ ನಾಲ್ಕು ಬಂಗಲೆಗಳ ಬಟ್ಟೆ ಒಗೆದು ನನ್ನನ್ನು ಧಾರವಾಡದ ಕಾಲೇಜಿಗೆ ಕಳಿಸಿದಳು. ಅವಳಿಗಿದ್ದದ್ದು ಒಂದೇ ಅಂಜಿಕೆ. ಬಹಳ ಓದಿದವರು ದೇವರನ್ನು ಬಿಡುತ್ತಾರೆಂದು ಯಾರೋ ಅವಳ ಕಿವಿಯಲ್ಲಿ ಊದಿದ್ದರು. ಅಂದಿನಿಂದ ಚರ್ಚಿನಲ್ಲಿ ಪೂಜೆಯ ಹೊತ್ತಿಗೆ ಹೆಂಗಸರ ಸಾಲಿನಲ್ಲಿ ಕುಳಿತು ಒಂದು ಕಣ್ಣು ಮುಚ್ಚಿ ಜಪ ಮಾಡುತ್ತಾಳೆ, ಇನ್ನೊಂದನ್ನು ನನ್ನ ಮೇಲಿಟ್ಟಿರುತ್ತಾಳೆ.

ನಮ್ಮ ಕಥೋಲಿಕರಲ್ಲಿ ಒಂದು ಕಟ್ಟಳೆಯುಂಟು. ಪೂಜೆಯಲ್ಲಿ ಪ್ರಸಾದ ತೆಗೆದುಕೊಳ್ಳುವವನು ಹಿಂದಿನ ನಡುರಾತ್ರಿಯಿಂದ ಹನಿ ನೀರನ್ನೂ ಕುಡಿದಿರಬಾರದು. ಮರೆತು ಕುಡಿದರೂ ಕುಡಿದಂತೆಯೇ. ಇದು ನನಗೆ ಬಿ.ಎ.ಗಿಂತ ಬಹಳ ಮುಂಚೆಯೇ ಗೊತ್ತಿತ್ತು. ಆದರೆ ಈ ಸಲ ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ವ್ರತದಲ್ಲಿ ನಾನು ಚಹಾ ಬಿಟ್ಟಿದ್ದೆ. ಬಿಟ್ಟಿದ್ದೇನೆಂದು ಓಣಿಯಲ್ಲೆಲ್ಲ ಹೇಳಿಕೊಂಡೂ ಇದ್ದೆ. ಹಬ್ಬದ ಬೆಳಿಗ್ಗೆ ಅವ್ವನನ್ನು ಮುಂದೆ ಕಳಿಸಿ ಬಾಗಿಲಿಗೆ ಕೀಲಿ ಹಾಕುತ್ತಿದ್ದಾಗ, ಪಕ್ಕದ ಮನೆಯ ಫಿಟ್ಟರ್ ಹುಸೇನಸಾಬ ಕಟ್ಟೆಯ ಮೇಲಿಂದ ಕರೆದ.

"ಬರ್ರಿ ಬಿ.ಎ. ಸಾಹೇಬ್ರ. ಮೊಮ್ಮಗ ಹುಟ್ಯಾನ, ಒಂದ್ ಗುಟುಕ ಚಹಾ ಕುಡದ ಹೋಗ್ರಿ. ನಿಮ್ಮ ನಲವತ್ತು ದಿನಾ ಮುಗದಾವಲ್ರಿ?"

ಮುಗಿದಿದ್ದವು. ಆ ಸಮಾಧಾನದಲ್ಲೇ ಏಲಕ್ಕಿ ಚಹಾವನ್ನು ತಳದ ಸಕ್ಕರೆಯವರೆಗೂ ಕುಡಿದೆ. ಕಟ್ಟಳೆ ನೆನಪಾದದ್ದು ಪೂಜೆಯಲ್ಲಿ ಪ್ರಸಾದದ ಗಂಟೆ ಬಾರಿಸಿದಾಗ.

ಸಾಲುಸಾಲಾಗಿ ಜನ ಎದ್ದರು. ವರ್ಷಕ್ಕೊಮ್ಮೆ ಬರುವವರೂ ಎದ್ದರು. ನಾನೊಬ್ಬನೇ ಬೆಂಚಿನಲ್ಲಿ ಉಳಿದೆ; ನನ್ನ ಮೊಣಕಾಲು ದಾಟಿ ಹೋದವರೆಲ್ಲ ಒಮ್ಮೆ ಮುಖ ನೋಡಿ ಹೋದರು. ಈಸ್ಟರ್ ದಿನ ಪ್ರಸಾದಕ್ಕೆ ಏಳದವನು ಒಂದೋ ದೊಡ್ಡ ಪಾಪ ಮಾಡಿರಬೇಕು, ಇಲ್ಲವೆ ದೇವರನ್ನು ಬಿಟ್ಟಿರಬೇಕು. ಆಚೆಯ ಸಾಲಿನಲ್ಲಿ ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಮನೆಗೆ ಬಂದು ಅವ್ವನಿಗೆ, ಮರೆತು ಚಹಾ ಕುಡಿದಿದ್ದೆ ಎಂದೆ.

"ಸಣ್ಣ ಕೂಸಿಗೂ ಗೊತ್ತಿರತೈತಿ ಅದು. ಬಿ.ಎ. ಆದಾಂವ ಮರೀತಾನ? ಖರೇ ಹೇಳು, ಯಾವ ಪುಸ್ತಕಾ ಓದಿದಿ?"

ಹುಸೇನಸಾಬನನ್ನೇ ಸಾಕ್ಷಿಗೆ ಕರೆತಂದೆ. ಅವನು ಬಾಗಿಲಲ್ಲಿ ನಿಂತು, "ತಪ್ಪ ನಂದ್ರಿ ಅವ್ವಾರ. ರೋಜಾದಾಗ ಮರತು ನೀರ ಕುಡದ್ರ ನಮ್ಮಲ್ಲಿ ಮಾಫಿ ಐತ್ರಿ. ನಿಮ್ಮಲ್ಲಿ ಇಷ್ಟ ಬಿಗಿ ಅಂತ ನನಗ ಗೊತ್ತಿರಲಿಲ್ಲ," ಎಂದ. ಅವ್ವ ಎಲ್ಲವನ್ನೂ ಕೇಳಿ, ಅವನಿಗೆ ಕರಿಗಡಬು ಕೊಟ್ಟು ಕಳಿಸಿ, ಅಂದು ಸಂಜೆಯೇ ನನ್ನ ಹೆಸರಿನಲ್ಲಿ ಒಂಬತ್ತು ದಿನದ ಜಪ ಹಿಡಿದಳು.

ಮರುದಿನ ಕಚೇರಿಗೆ ಸುದ್ದಿ ನನಗಿಂತ ಮುಂಚೆ ಹೋಗಿತ್ತು. ಪಕ್ಕದ ಮೇಜಿನ ದೇಸಾಯಿ ಯಾವ ದೇವರನ್ನೂ ನಂಬದವನು. ಎದ್ದು ಬಂದು ಕೈ ಕುಲುಕಿದ. "ಭೇಷ್. ಕಡೀಕೂ ಬಿ.ಎ. ಹತ್ತಿತು ನೋಡು ನಿನಗ." ಅಲ್ಲವೆನ್ನಬೇಕಿತ್ತು. ಆದರೆ ಮರೆಗುಳಿ ಎನಿಸಿಕೊಳ್ಳುವುದಕ್ಕಿಂತ ವಿಚಾರವಂತ ಎನಿಸಿಕೊಳ್ಳುವುದು ಒಂದು ಕೈ ಮೇಲೆಂದು ಮಧ್ಯಾಹ್ನದವರೆಗೆ ಸುಮ್ಮನಿದ್ದೆ. ಊಟದ ಡಬ್ಬಿ ತೆಗೆದರೆ ಹಬ್ಬದ ಕರಿಗಡಬು. ಅವ್ವ ಅದನ್ನು ಮುಟ್ಟಿರಲಿಲ್ಲ. ನನಗಾಗಿ ಮತ್ತೆ ಒಣರೊಟ್ಟಿಯ ಉಪವಾಸ ಹಿಡಿದಿದ್ದಳು. ಡಬ್ಬಿ ಮುಚ್ಚಿಟ್ಟೆ. ದೇಸಾಯಿಗೆ ಚಹಾದ ಕಥೆಯನ್ನೆಲ್ಲ ಹೇಳಿದೆ.

"ಅಂಜಬ್ಯಾಡಪಾ," ಎಂದ, "ಮಂದಿಗೆ ಚಹಾದ ಕಥೀನ ಹೇಳು. ಖರೇದು ನಾ ಯಾರಿಗೂ ಹೇಳಂಗಿಲ್ಲ."

ಮುಂದಿನ ಭಾನುವಾರ ಉಗುಳನ್ನು ನುಂಗಲೂ ಹೆದರುತ್ತ ಹೋಗಿ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತೆ. ಮನೆಯ ದಾರಿಯಲ್ಲಿ ಅವ್ವ ಹಗುರಾಗಿ ನಡೆಯುತ್ತಿದ್ದಳು.

"ಒಂಬತ್ತು ದಿನದ ಜಪಾ ಏಳ ದಿನಕ್ಕ ಫಲಾ ಕೊಟ್ತು. ಉಳದ ಎರಡು ದಿನಾ ಹುಸೇನಸಾಬನ ಮೊಮ್ಮಗನ ಹೆಸರೀಲೆ ಮಾಡ್ತೇನಿ. ಪಾಪ, ನಿನ್ನ ಸಲುವಾಗಿ ಸುಳ್ಳು ಹೇಳ್ಯಾನ."

ನಾನು ಅವಳಿಗೆ ಹೇಳದ ಮಾತೊಂದಿದೆ. ಕಾಲೇಜಿನ ಎರಡನೆಯ ವರ್ಷ, ದೇವರು ಇದ್ದಾನೋ ಇಲ್ಲವೋ ಎಂಬ ಅನುಮಾನ ನನಗೆ ನಿಜವಾಗಿಯೇ ಹತ್ತಿತ್ತು. ಅದನ್ನು ಕೋಟಿನೊಳಗಿಟ್ಟುಕೊಂಡು ಇಡೀ ವರ್ಷ ಪ್ರತಿ ಭಾನುವಾರ ಬರಿಹೊಟ್ಟೆಯಲ್ಲಿ ಇದೇ ಸಾಲಿನಲ್ಲಿ ನಿಂತಿದ್ದೆ. ಯಾರೂ ಮುಖ ನೋಡಲಿಲ್ಲ, ಯಾರೂ ಕೈ ಕುಲುಕಲಿಲ್ಲ. ಆ ಅನುಮಾನ ಯಾವಾಗ ಹೋಯಿತೆಂದು ನನಗೇ ತಿಳಿಯದು. ಆ ವರ್ಷ ಅವ್ವ ಯಾವ ಯಾವ ಜಪ ಹಿಡಿದಿದ್ದಳೆಂದು ಒಂದು ದಿನ ಕೇಳಬೇಕೆಂದಿದ್ದೇನೆ. ಬಿ.ಎ. ಆದವನಿಗೆ ಅದೊಂದು ಪ್ರಶ್ನೆ ಕೇಳಲು ಯಾಕೋ ಇನ್ನೂ ಬಾಯಿ ಬಂದಿಲ್ಲ.