ನಡೆದರೆ ಕುಣಿಯುವ ಊರು

ಇಂಥವು ನನಗೇ ಯಾಕೆ ಆಗುತ್ತವೋ ಎಂದು ಮೊದಮೊದಲು ಅಳುತ್ತಿದ್ದೆ. ಈಗ ಹೇಳಿಕೊಂಡು ನಗುತ್ತೇನೆ. ತೊಂಬತ್ತರ ದಶಕದಲ್ಲಿ ಒಂದು ಕೆಟ್ಟ ಜ್ವರ ಬಂತು. ವಾಸಿಯಾಗಿ ಎದ್ದರೆ ನೆಲ ಸ್ಥಿರವಾಗಿಲ್ಲ. ಮೈಯನ್ನು ಸಮತೋಲದಲ್ಲಿಡುವ ನರ ಕಿವಿಯೊಳಗಿರುತ್ತದಂತೆ, ಅದು ಹೋಗಿದೆ ಎಂದರು ಡಾಕ್ಟರು. ನಿಂತರೆ ಎಲ್ಲ ಸರಿ. ನಡೆದರೆ ಕಣ್ಣು ಒಂದು ಕಡೆ ನಿಲ್ಲದು. ಬೀದಿ, ಮರ, ಮುಖ ಎಲ್ಲ ಮೇಲೆ ಕೆಳಗೆ ಕುಣಿಯುತ್ತವೆ. ನಡೆಯುತ್ತಾ ನಮ್ಮವರ ಮುಖ ನೋಡಬೇಕೆಂಬ ಆಸೆ ಇನ್ನೂ ಹೋಗಿಲ್ಲ.

ರಜೆ

ನಂಜನಗೂಡಿನ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದೆ. ಸಾಹೇಬರು ವರಾಂಡದಲ್ಲಿ ಸರಸರ ಹೋಗುತ್ತಿದ್ದರು. ಪಕ್ಕದಲ್ಲೇ ಹೆಜ್ಜೆ ಹಾಕುತ್ತಾ, "ಸಾರ್, ತಂಗಿಗೆ ಹೆರಿಗೆಯಾಗಿದೆ, ಎರಡು ದಿನ ರಜೆ ಬೇಕಿತ್ತು" ಎಂದೆ. ಅವರು ಮಾತಾಡಲಿಲ್ಲ, ತಲೆ ಮಾತ್ರ ಮೇಲೆ ಕೆಳಗೆ ಆಡಿತು. ಸಂತೋಷವಾಗಿ ಹೋಗಿ ಮಗು ನೋಡಿಕೊಂಡು ಬಂದೆ.

ಬಂದರೆ ಮೇಜಿನ ಮೇಲೆ ಮೆಮೊ.

"ಆಗಲ್ಲ ಅಂತ ತಲೆ ಆಡಿಸಿದ್ನಲ್ಲಮ್ಮ!" ಎಂದರು ಸಾಹೇಬರು.

"ನಿಂತ್ಕೊಂಡು ಆಡಿಸ್ಬೇಕಿತ್ತು ಸಾರ್" ಎಂದೆ.

ಜೊತೆ

ಮನೆ ಟಿ. ನರಸೀಪುರದಲ್ಲಿ. ಬಸ್ಸಿಳಿದ ಮೇಲೆ, ಮಬ್ಬಾಗಿದ್ದರೆ ಗೋಡೆ ಮುಟ್ಟಿಕೊಂಡೇ ನಡೆಯಬೇಕು. ಒಂದು ಸಂಜೆ ಗೋಡೆ ಮುಗಿದಲ್ಲಿ ನಿಂತುಬಿಟ್ಟೆ. ನಮ್ಮ ಬೀದಿಯವನೊಬ್ಬ ಚೆನ್ನಾಗಿ ಕುಡಿದು ಬಂದ. "ಅಕ್ಕಾ, ಕೈ ಇಡ್ಕೊಳಿ" ಎಂದ. ಬೇರೆ ದಾರಿಯಿರಲಿಲ್ಲ. ಅವನು ಎಡಕ್ಕೆ ವಾಲಿದರೆ ನಾನು ಬಲಕ್ಕೆ; ಹೇಗೋ ಇಬ್ಬರೂ ನೆಟ್ಟಗೆ ಹೋದೆವು. ಜಗಲಿಯಲ್ಲಿ ಕೂತವರು ನಕ್ಕರು. ಅವನು ನಿಂತು ಗದರಿದ:

"ಯಾಕ್ರಲಾ ನಗ್ತೀರಿ? ಅಕ್ಕಂಗೆ ಕಾಯ್ಲೆ. ಕುಡ್ದಿರೋನು ನಾನೊಬ್ನೇ!"

ಸೈಕಲ್ಲು

ಮದುವೆಗೆ ಮುಂಚೆ ನಾಲೆ ಏರಿಯ ಮೇಲೆ ಒಬ್ಬಳೇ ಸೈಕಲ್ ಹೊಡೆಯುತ್ತಿದ್ದೆ. ವರ್ಷಗಟ್ಟಲೆ ಗೋಡೆಯನ್ನೋ ಇನ್ನೊಬ್ಬರ ಕೈಯನ್ನೋ ಹಿಡಿದು ನಡೆದ ಮೇಲೆ, ಮುಖಕ್ಕೆ ಬಡಿಯುವ ಆ ಗಾಳಿ ಇನ್ನೊಂದು ಸಲ ಬೇಕೆನಿಸಿತು. ಒಂದು ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಲೇಡೀಸ್ ಸೈಕಲ್ ಇಸಕೊಂಡು ಹತ್ತಿಯೇಬಿಟ್ಟೆ. ನಮ್ಮ ಯಜಮಾನರು ಹಿಂದೆ ಕ್ಯಾರಿಯರ್ ಹಿಡಿದು ಓಡಿದರು. ಏರಿ ಕುಣಿಯಿತು, ಗದ್ದೆ ಕುಣಿಯಿತು. ಗಾಳಿ ಮಾತ್ರ ಅದೇ ಹಳೇ ಗಾಳಿ.

"ಬಿಡ್ರೀ, ಹತ್ತು ಮಾರು ನಾನೊಬ್ಳೇ ಹೋಗ್ತೀನಿ!"

"ಬುಟ್ಟೆ, ಓಗಮ್ಮಿ!"

ಒಬ್ಬಳೇ! ಕಣ್ಣಲ್ಲಿ ನೀರು ಬಂತು. ಹತ್ತು ಮಾರಾಯಿತು, ಇಪ್ಪತ್ತಾಯಿತು. ಆಮೇಲೆ ಏರಿ ಎತ್ತ ಹೋಯಿತೋ, ಸೈಕಲ್ ಸಮೇತ ಗದ್ದೆಯಲ್ಲಿದ್ದೆ.

ಕೆಸರು ಒರೆಸಿಕೊಂಡು ತಿರುಗಿದರೆ, ಯಜಮಾನರೂ ಅಲ್ಲೇ ಬೋರಲು ಬಿದ್ದಿದ್ದಾರೆ. ಕೈ ಇನ್ನೂ ಕ್ಯಾರಿಯರ್ ಮೇಲೇ ಇದೆ.

"ಬುಟ್ಟೆ ಅಂದ್ರಲ್ಲ!" ಎಂದೆ.

ಬಾಯಲ್ಲಿದ್ದ ಕೆಸರು ಉಗಿದು ಹೇಳಿದರು: "ಬಾಯಲ್ ಬುಟ್ಟಿದ್ದೆ ಕಣಮ್ಮಿ."